ಬ್ಯಾಟರಿ ಬದಲಿಸುವ ಮುನ್ನ

ಕಳೆದ ಬೋಧನಾಭ್ಯಾಸದ ಹಂತದಲ್ಲಿ ಮೂಡಲಗಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಯ ಪಾಠ ಅವಲೋಕಿಸಲು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಘಟಕ ‘ವಿದ್ಯುಚ್ಛಕ್ತಿ’. ನಮ್ಮ ಪ್ರಶಿಕ್ಷಣಾರ್ಥಿ ಒಳ್ಳೆಯ ಸಿದ್ಧತೆ ಮಾಡಿಕೊಂಡು ಬಂದಿದ್ದರು. ಚಾರ್ಟು ಅಚ್ಚುಕಟ್ಟಾಗಿತ್ತು, ಕಪ್ಪುಹಲಗೆಯ ಅಕ್ಷರ ದುಂಡಗಿತ್ತು. ‘ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರವಾಗಿ ಜೋಡಿಸಬೇಕು’ ಎಂಬ ವಾಕ್ಯವನ್ನು ಮಕ್ಕಳು ಮೂರು ಸಲ ಹೇಳಿದರು. ನಿತ್ಯಜೀವನದ ಉದಾಹರಣೆ ಕೊಡಬೇಕೆಂಬ ನಿಯಮದಂತೆ ವಾಹನದ ಬ್ಯಾಟರಿಯ ಮಾತು ಬಂತು. ಆಗ ನಡುಸಾಲಿನ ಹುಡುಗನೊಬ್ಬ ಕೈ ಎತ್ತಿ ಎದ್ದು ನಿಂತ.

‘ಸರ್, ನಮ್ಮ ಟ್ರ್ಯಾಕ್ಟರ್ ಬ್ಯಾಟರಿ ದಿನಾ ಇಳೀತಿತ್ತರಿ. ಡೆಕ್ಕಿನ ವೈರ್ ಕಿತ್ತ ಮ್ಯಾಲ ಇಳಿಯೂದು ನಿಂತ್ತರಿ. ಹಳೇ ಬ್ಯಾಟರಿನ ಇನ್ನೂ ನಡ್ಯಾಕತ್ತೈತ್ರಿ.’

ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನತ್ತ ನೋಡಿದರು. ಪಾಠ ಯೋಜನೆಯಲ್ಲಿ ಇನ್ನೂ ಎರಡು ಕಲಿಕಾಂಶಗಳು ಬಾಕಿ ಇದ್ದವು. ‘ಛಲೋ ಹೇಳಿದಿ, ಕುಂದರು. ಅದು ಈಗಿನ ಪಾಠಕ್ಕ ಬರೂದಿಲ್ಲ’ ಎಂದು ಮುಂದೆ ಸಾಗಿದರು. ನಾನು ಅವಲೋಕನ ಹಾಳೆಯಲ್ಲಿ ‘ತರಗತಿ ನಿರ್ವಹಣೆ: ಉತ್ತಮ’ ಎಂದು ಬರೆದೆ.

ತಪ್ಪು ಆ ಪ್ರಶಿಕ್ಷಣಾರ್ಥಿಯದಲ್ಲ. ನಾವು ಕಲಿಸಿದ್ದನ್ನೇ ಅವರು ಮಾಡಿದರು. ಆ ಹುಡುಗ ಹೇಳಿದ್ದು ಪಾಠಕ್ಕೆ ಹೊರಗಿನದಲ್ಲ, ಅದೇ ಪಾಠದ ತಿರುಳು ಎಂಬುದು ನನಗೂ ಅಂದು ಹೊಳೆಯಲಿಲ್ಲ. ಕೆಲವೇ ವಾರಗಳಲ್ಲಿ ನನ್ನ ಕಾರೇ ಅದನ್ನು ಕಲಿಸಿತು.

ಸೋಮವಾರದ ಕಾಯಿಲೆ

ನನ್ನ ಹಳೆಯ ಚಿಕ್ಕ ಕಾರು ವಾರವಿಡೀ ನೆಟ್ಟಗೆ ಓಡುತ್ತಿತ್ತು. ಶನಿವಾರ ಸಂಜೆ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಏಳುತ್ತಿರಲಿಲ್ಲ. ಅಂಗಡಿಯೊಂದರಲ್ಲಿ ತೋರಿಸಿದೆ. ಬ್ಯಾಟರಿಗೆ ನಾಲ್ಕು ವರ್ಷವಾಗಿದೆ, ಬದಲಿಸಿ ಎಂದರು. ನಾಲ್ಕು ಸಾವಿರಕ್ಕೂ ಮೇಲೆ ಕೊಟ್ಟು ಹೊಸದು ಹಾಕಿಸಿದೆ. ಎರಡು ಸೋಮವಾರ ಕಾರು ಎದ್ದಿತು. ಮೂರು ದಿನದ ಹಬ್ಬದ ರಜೆ ಮುಗಿಸಿ ಬಂದು ಕೀಲಿ ತಿರುಗಿಸಿದರೆ ಮತ್ತೆ ಅದೇ ಟಕ್ ಟಕ್ ಸದ್ದು.

ಈ ಸಲ ಗೋಕಾಕದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದೆ. ಅವರು ಬ್ಯಾಟರಿಗೆ ಕೈ ಹಚ್ಚುವ ಮೊದಲು ಪ್ರಶ್ನೆ ಕೇಳಿದರು. ಎಷ್ಟು ತಾಸು ನಿಂತರೆ ಏಳುವುದಿಲ್ಲ? ಓಡಿಸಿ ನಿಲ್ಲಿಸಿದ ತಕ್ಷಣ ಮತ್ತೆ ಏಳುತ್ತದೆಯೇ? ಹೊಸದಾಗಿ ಏನಾದರೂ ಹಾಕಿಸಿದ್ದೀರಾ? ಉತ್ತರ ಕೇಳಿ ಹೇಳಿದರು: ‘ಬ್ಯಾಟರಿ ಕೆಟ್ಟಿಲ್ರಿ ಸರ. ಗಾಡಿ ನಿಂತಾಗ ಏನೋ ಕರೆಂಟ್ ತಿನ್ನಾಕತ್ತೈತಿ. ಅದನ್ನ ಹುಡುಕೂಣು.’

ಮುಂದೆ ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳಿಗೆ ಅದು ನೇರವಾಗಿ ಬೇಕು. ಉಳಿದ ವಿಷಯದವರಿಗೂ ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ.

ಬ್ಯಾಟರಿ ಪದೇಪದೇ ಸಾಯುವುದಕ್ಕೆ ಮುಖ್ಯವಾಗಿ ಮೂರು ಕಾರಣ. ಬ್ಯಾಟರಿಗೇ ವಯಸ್ಸಾಗಿ ಚಾರ್ಜು ಹಿಡಿಯದಿರುವುದು ಒಂದು. ಓಡುವಾಗ ಅದನ್ನು ತುಂಬಬೇಕಾದ ಆಲ್ಟರ್ನೇಟರ್ ಸರಿಯಾಗಿ ತುಂಬದಿರುವುದು ಎರಡು. ತುಂಬಿದ್ದು ನಿಂತಲ್ಲೇ ಎಲ್ಲೋ ಸೋರುವುದು ಮೂರು. ಮೂರರ ಲಕ್ಷಣವೂ ಒಂದೇ, ಬೆಳಿಗ್ಗೆ ಗಾಡಿ ಏಳುವುದಿಲ್ಲ. ಪರಿಹಾರ ಮಾತ್ರ ಬೇರೆ ಬೇರೆ. ಆದ್ದರಿಂದ ಅವರು ಮೊದಲು ಈ ಮೂರನ್ನು ಬೇರ್ಪಡಿಸಿದರು. ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಕೆಲವು ತಾಸು ಸುಮ್ಮನೆ ಬಿಟ್ಟು, ಮಲ್ಟಿಮೀಟರಿನಲ್ಲಿ ವಿಭವಾಂತರ ನೋಡಿದರು. 12.6 ವೋಲ್ಟ್. ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದಕ್ಕೆ 2.1 ವೋಲ್ಟ್. ಹಾಗಾಗಿ 12.6 ಎಂದರೆ ತುಂಬಿದ ಬ್ಯಾಟರಿ. 12.2ಕ್ಕೆ ಬಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿಳಿದರೆ ಬಹುತೇಕ ಖಾಲಿ. ಬಳಿಕ ಎಂಜಿನ್ ಚಾಲೂ ಮಾಡಿ ನೋಡಿದರು. 14.1 ವೋಲ್ಟ್. ಅಂದರೆ ತುಂಬುವ ಕೆಲಸವೂ ನಡೆದಿದೆ. ಉಳಿದದ್ದು ಸೋರಿಕೆ.

ಈಗ ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಋಣ ತುದಿಯ ಕೇಬಲ್ ಬಿಚ್ಚಿ, ಆ ಕೇಬಲ್ಲಿಗೂ ಋಣ ತುದಿಗೂ ನಡುವೆ ಮೀಟರನ್ನು 10 ಆಂಪಿಯರ್ ವ್ಯಾಪ್ತಿಯಲ್ಲಿಟ್ಟು ಸರಣಿಯಲ್ಲಿ ಸೇರಿಸಿದರು. ಕಾರಿನೊಳಗಿನ ಪ್ರತಿ ಹನಿ ಪ್ರವಾಹವೂ ಈಗ ಮೀಟರಿನ ಮೂಲಕವೇ ಹಾದುಹೋಗಬೇಕು. ನಾನು ಕುತೂಹಲದಿಂದ ಬಾಗಿಲು ತೆರೆಯಲು ಹೋದೆ. ‘ಬಾಗ್ಲಾ ತಗೀಬ್ಯಾಡ್ರಿ, ಗಾಡಿ ಎಚ್ಚರಾಗತೈತಿ’ ಎಂದು ತಡೆದರು. ಬಾಗಿಲು ತೆರೆದರೆ ಒಳದೀಪ ಹೊತ್ತುತ್ತದೆ, ಈಗಿನ ಕಾರುಗಳ ಕಂಪ್ಯೂಟರ್ ಘಟಕಗಳು ಏಳುತ್ತವೆ. ಅವು ಮತ್ತೆ ನಿದ್ರೆಗೆ ಜಾರಲು ಕೆಲವು ಗಾಡಿಗಳಲ್ಲಿ ಅರ್ಧ ತಾಸು ಬೇಕು. ನೋಡಲು ಹೋದವನೇ ಅಳತೆಯನ್ನು ಕೆಡಿಸುತ್ತಾನೆ. ನಾವು ಚಹಾ ಕುಡಿದು ಬಂದೆವು. ಮೀಟರ್ 0.47 ಆಂಪಿಯರಿನಲ್ಲಿ ನಿಂತಿತ್ತು.

ನಿಂತ ಕಾರು ಸ್ವಲ್ಪ ಪ್ರವಾಹ ಬಳಸುವುದು ಸಹಜ. ಗಡಿಯಾರ, ರೇಡಿಯೊದ ನೆನಪು, ಎಂಜಿನ್ನಿನ ಕಂಪ್ಯೂಟರ್ ಇವೆಲ್ಲ ಸೇರಿ ಸಾಮಾನ್ಯವಾಗಿ 0.05 ಆಂಪಿಯರಿನ ಒಳಗಿರುತ್ತದೆ. ಇಲ್ಲಿ ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಲೆಕ್ಕ ಹಾಕಿ ನೋಡಿ. 0.47 ಆಂಪಿಯರ್ ಎಂದರೆ ದಿನಕ್ಕೆ 11 ಆಂಪಿಯರ್-ತಾಸಿಗೂ ಮೇಲೆ. ನನ್ನ ಬ್ಯಾಟರಿ 35 ಆಂಪಿಯರ್-ತಾಸಿನದು. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗಿನ 36 ತಾಸಿನಲ್ಲಿ ಸುಮಾರು 17, ಅಂದರೆ ಅರ್ಧ. ಸೊರಗಿದ ಹಳೆಯ ಬ್ಯಾಟರಿ ಅಲ್ಲಿಗೇ ಕೈಚೆಲ್ಲುತ್ತಿತ್ತು. ಹೊಸದು ಅಷ್ಟನ್ನು ತಡೆದುಕೊಂಡಿತು. ಮೂರು ದಿನದ 72 ತಾಸಿನಲ್ಲಿ ಸುಮಾರು 34 ಹೋಯಿತು, ಅದೂ ಮಲಗಿತು. ನಾನು ಕೊಂಡ ಹೊಸ ಬ್ಯಾಟರಿ ರೋಗವನ್ನು ವಾಸಿ ಮಾಡಿರಲಿಲ್ಲ. ಎರಡು ವಾರ ಮುಂದೂಡಿತ್ತು, ಅಷ್ಟೆ.

ಮುಂದೆ ಫ್ಯೂಸುಗಳ ಸರದಿ. ಒಂದು ಕೀಳುವುದು, ಮೀಟರ್ ನೋಡುವುದು, ಇಳಿಯದಿದ್ದರೆ ಅದನ್ನು ಅಲ್ಲೇ ಮರಳಿ ಕೂರಿಸಿ ಮುಂದಿನದಕ್ಕೆ ಹೋಗುವುದು. ಎರಡು ಫ್ಯೂಸನ್ನು ಒಟ್ಟಿಗೆ ಅವರು ಒಮ್ಮೆಯೂ ಕೀಳಲಿಲ್ಲ. ಏಳನೆಯದನ್ನು ಕಿತ್ತಾಗ ಅಂಕಿ 0.47ರಿಂದ 0.04ಕ್ಕೆ ಬಿತ್ತು. ಸಿಕ್ಕಿತು ಎಂದೆ. ‘ಮನಿ ಸಿಕ್ತು, ಕಳ್ಳ ಸಿಕ್ಕಿಲ್ಲ’ ಎಂದರು. ಆ ಒಂದು ಫ್ಯೂಸಿನ ಕೆಳಗೆ ರೇಡಿಯೊ, ಒಳದೀಪ, ಹಿಂದಿನ ಡಿಕ್ಕಿಯ ದೀಪ ಮೂರೂ ಇದ್ದವು. ಫ್ಯೂಸ್ ಮರಳಿ ಹಾಕಿ ರೇಡಿಯೊ ಬಿಚ್ಚಿದರೆ ಅಂಕಿ ಅಲುಗಲಿಲ್ಲ. ಒಳದೀಪ ಆರಿಯೇ ಇತ್ತು. ಡಿಕ್ಕಿ ತೆರೆದರೆ ದೀಪ ಹೊತ್ತಿರುತ್ತದೆ, ಅದು ಹೊತ್ತಬೇಕಾದದ್ದೇ. ಮುಚ್ಚಿದ ಮೇಲೆ ಆರುತ್ತದೆಯೇ? ಒಳಗೆ ಕುಳಿತು ನೋಡುವವರಾರು? ಅವರು ತಮ್ಮ ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ ಡಿಕ್ಕಿಯಲ್ಲಿಟ್ಟು ಮುಚ್ಚಿದರು. ಒಂದು ನಿಮಿಷ ಬಿಟ್ಟು ತೆಗೆದು ತೋರಿಸಿದರು. ವಿಡಿಯೊದಲ್ಲಿ ದೀಪ ಆರಿರಲೇ ಇಲ್ಲ. ಬಾಗಿಲು ಮುಚ್ಚಿದಾಗ ಒತ್ತಿಕೊಳ್ಳಬೇಕಾದ ಪುಟ್ಟ ಸ್ವಿಚ್ಚು ಧೂಳು ತುಂಬಿ ಸಿಕ್ಕಿಹಾಕಿಕೊಂಡಿತ್ತು. 5 ವ್ಯಾಟಿನ ಬಲ್ಬು, 12 ವೋಲ್ಟ್: 0.42 ಆಂಪಿಯರ್. ಸಹಜ ಬಳಕೆಯ 0.05 ಕೂಡಿಸಿದರೆ 0.47. ಲೆಕ್ಕ ಸರಿಹೊಂದಿತು. ಸ್ವಿಚ್ಚು ಒರೆಸಿ, ಮತ್ತೊಮ್ಮೆ ಗಾಡಿ ಮಲಗುವವರೆಗೆ ಕಾದು, ಮೀಟರಿನಲ್ಲಿ 0.05 ನೋಡಿದ ಮೇಲೆಯೇ ಅವರು ಕೈ ತೊಳೆದುಕೊಂಡರು.

ಟ್ರ್ಯಾಕ್ಟರಿನ ಡೆಕ್ಕಿನ ವೈರು ಕಿತ್ತು ನೋಡಿದ ಹುಡುಗ ಆಗ ನೆನಪಾದ. ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ರಸ್ತೆಗಳಲ್ಲಿ ಹಾಡು ಹಚ್ಚಿಕೊಂಡು ಸಾಗುವ ಟ್ರ್ಯಾಕ್ಟರುಗಳನ್ನು ನಾವೆಲ್ಲ ನೋಡಿದ್ದೇವೆ. ಡೆಕ್ಕು, ಆಂಪ್ಲಿಫೈಯರ್, ಬಣ್ಣದ ದೀಪಗಳ ವೈರನ್ನು ಕೀಲಿಯ ಮೂಲಕ ತಾರದೆ ನೇರ ಬ್ಯಾಟರಿಗೇ ಹಚ್ಚಿದರೆ ಕೀಲಿ ತೆಗೆದ ಮೇಲೂ ಅವು ಪ್ರವಾಹ ಎಳೆಯುತ್ತಲೇ ಇರುತ್ತವೆ. ಒಂದನ್ನು ಬೇರ್ಪಡಿಸಿ ಫಲಿತಾಂಶ ನೋಡುವ ವಿಧಾನವನ್ನು ಆ ಹುಡುಗ ಮೀಟರಿಲ್ಲದೆ ಬಳಸಿದ್ದ. ಅವನಿಗೆ ಬೇಕಾಗಿದ್ದದ್ದು ಅಮ್ಮೀಟರ್. ನಾವು ಅದೇ ತಾಸಿನಲ್ಲಿ ಅಮ್ಮೀಟರಿನ ವ್ಯಾಖ್ಯೆ ಬರೆಸುತ್ತಿದ್ದೆವು.

ನಮ್ಮ ದಾಖಲೆ ಪುಸ್ತಕದ ನಿದಾನ

ಬಿ.ಇಡಿ. ಎರಡು ವರ್ಷದ್ದಾದ ಮೇಲೆ ಶಾಲಾ ಅನುಭವಕ್ಕೆ ಒಟ್ಟು 20 ವಾರಗಳಿವೆ. ಅದರೊಳಗೆ ಪ್ರತಿ ಪ್ರಶಿಕ್ಷಣಾರ್ಥಿಯೂ ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ದಾಖಲೆ ಸಲ್ಲಿಸಬೇಕು. ವರ್ಷವರ್ಷವೂ ನಾನು ಈ ದಾಖಲೆಗಳನ್ನು ತಿದ್ದುತ್ತೇನೆ. ಬಹುತೇಕ ಎಲ್ಲವೂ ಒಂದೇ ಅಚ್ಚು. ಹತ್ತು ಪ್ರಶ್ನೆಯ ಪರೀಕ್ಷೆ, ತಪ್ಪು ಮಾಡಿದವರ ಹೆಸರು, ತಪ್ಪಿನ ಶೇಕಡಾವಾರು, ‘ಪರಿಕಲ್ಪನೆ ಸ್ಪಷ್ಟವಾಗಿಲ್ಲ’ ಎಂಬ ಕಾರಣ, ‘ಮತ್ತೊಮ್ಮೆ ವಿವರಿಸಲಾಯಿತು’ ಎಂಬ ಪರಿಹಾರ, ಅದೇ ಹತ್ತು ಪ್ರಶ್ನೆಯ ಮರುಪರೀಕ್ಷೆ, ಏರಿದ ಸ್ತಂಭಾಲೇಖ. ಮಗು ಎಲ್ಲಿ ಸೋರುತ್ತಿದೆ ಎಂದು ಯಾರೂ ನೋಡಿಲ್ಲ. ಇಡೀ ಪಾಠವನ್ನೇ ಮರಳಿ ತುಂಬಿದ್ದೇವೆ. ಮರುಪರೀಕ್ಷೆ ಮರುದಿನವೇ ನಡೆಯುವುದರಿಂದ ಅಂಕ ಏರುತ್ತದೆ. ಮೂರು ವಾರದ ಮೇಲೆ ನೋಡಲು ನಾವು ಶಾಲೆಯಲ್ಲಿ ಇರುವುದಿಲ್ಲ. ನನ್ನ ಹೊಸ ಬ್ಯಾಟರಿಯ ಎರಡು ಒಳ್ಳೆಯ ಸೋಮವಾರಗಳಿಗೂ ಇದಕ್ಕೂ ಏನು ವ್ಯತ್ಯಾಸ?

ವಿದ್ಯುಚ್ಛಕ್ತಿ ಘಟಕದಿಂದಲೇ ಒಂದು ಉದಾಹರಣೆ. 3 ಓಮ್ ಮತ್ತು 6 ಓಮ್ ರೋಧಕಗಳು ಸಮಾಂತರವಾಗಿವೆ, ಒಟ್ಟು ರೋಧವೆಷ್ಟು? ಸರಿಯುತ್ತರ 2 ಓಮ್. ಒಬ್ಬಳು 9 ಎಂದು ಬರೆದಳು. ಇನ್ನೊಬ್ಬ 4.5 ಎಂದು ಬರೆದ. ಮತ್ತೊಬ್ಬಳ ಉತ್ತರ ಅರ್ಧ ಓಮ್. ದಾಖಲೆಯಲ್ಲಿ ಮೂವರಿಗೂ ಸೊನ್ನೆ, ಮೂವರಿಗೂ ‘ಸಮಾಂತರ ಜೋಡಣೆಯ ಪರಿಕಲ್ಪನೆ ಸ್ಪಷ್ಟವಾಗಿಲ್ಲ’. ಆದರೆ ಮೊದಲನೆಯವಳು ಸರಣಿಯ ಸೂತ್ರ ಹಾಕಿದ್ದಾಳೆ, ಅವಳಿಗೆ ಮಾತ್ರ ಆ ಮಾತು ಸಲ್ಲುತ್ತದೆ. ಎರಡನೆಯವನು ಸೂತ್ರ ಸರಿಯಾಗಿಯೇ ಬರೆದು, ಮೂರನೇ ಒಂದಕ್ಕೆ ಆರನೇ ಒಂದನ್ನು ಕೂಡಿಸುವಾಗ ಮೇಲಿನ ಅಂಕಿ ಮೇಲಕ್ಕೆ, ಕೆಳಗಿನದು ಕೆಳಕ್ಕೆ ಕೂಡಿಸಿ ಒಂಬತ್ತನೇ ಎರಡು ಎಂದು ಮಾಡಿದ್ದಾನೆ. ಅವನ ಸೋರಿಕೆ ಇರುವುದು ಐದಾರನೇ ತರಗತಿಯ ಭಿನ್ನರಾಶಿಯಲ್ಲಿ. ಮೂರನೆಯವಳು ಎಲ್ಲವನ್ನೂ ಸರಿಯಾಗಿ ಮಾಡಿ ಕೊನೆಯಲ್ಲಿ ವ್ಯುತ್ಕ್ರಮ ತೆಗೆಯಲು ಮರೆತಿದ್ದಾಳೆ. ಅವಳಿಗೆ ಒಂದು ಮಾತು ಸಾಕು. ಮೂವರನ್ನೂ ಕೂರಿಸಿ ಸಮಾಂತರ ಜೋಡಣೆಯನ್ನು ಮತ್ತೊಮ್ಮೆ ವಿವರಿಸಿದರೆ ಒಬ್ಬಳಿಗೆ ಉಪಯೋಗ, ಒಬ್ಬನಿಗೆ ಗೊಂದಲ, ಒಬ್ಬಳಿಗೆ ಬೇಸರ.

ಪ್ರಶ್ನೆಗಳ ಆಯ್ಕೆಯೂ ಫ್ಯೂಸ್ ಕೀಳುವ ಹಾಗೆಯೇ ಇರಬೇಕು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ವ್ಯವಕಲನದಲ್ಲಿ ಮಕ್ಕಳು ಮಾಡುವ ತಪ್ಪುಗಳನ್ನು ಹೀಗೆಯೇ ನೋಡಿತು. ಬಹಳಷ್ಟು ತಪ್ಪುಗಳು ಅಜಾಗರೂಕತೆಯವಲ್ಲ, ಮಗು ತನ್ನದೇ ಒಂದು ನಿಯಮವನ್ನು ಶ್ರದ್ಧೆಯಿಂದ ಪಾಲಿಸುತ್ತಿರುತ್ತದೆ ಎಂಬುದು ಅದರ ಸಾರ. 503ರಿಂದ 267 ಕಳೆ ಎಂದು ಕೊಡಿ. ಸರಿಯುತ್ತರ 236. ಒಂದು ಮಗು 364 ಎಂದಿತು: ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಇನ್ನೊಂದು 336 ಎಂದಿತು: ಸೊನ್ನೆಯನ್ನು 9 ಮಾಡಿದೆ, ಆದರೆ ನೂರರ ಸ್ಥಾನದ 5ನ್ನು 4 ಮಾಡಿಲ್ಲ. ಇದನ್ನು ಖಚಿತಪಡಿಸಲು ಇನ್ನೆರಡು ಲೆಕ್ಕ ಸಾಕು. 467ರಿಂದ 132 ಕಳೆದರೆ ಇಬ್ಬರೂ ಸರಿ, ಏಕೆಂದರೆ ಅಲ್ಲಿ ದಶಕ ಪಡೆಯುವ ಕೆಲಸವೇ ಇಲ್ಲ. 462ರಿಂದ 138 ಕಳೆಯಲು ಕೊಟ್ಟರೆ ಮೊದಲ ಮಗು ತಪ್ಪುತ್ತದೆ, ಎರಡನೆಯದು ಸರಿ ಮಾಡುತ್ತದೆ, ಏಕೆಂದರೆ ಇಲ್ಲಿ ನಡುವೆ ಸೊನ್ನೆಯಿಲ್ಲ. ಪ್ರತಿ ಲೆಕ್ಕದಲ್ಲಿ ಒಂದೇ ಅಂಶ ಬದಲಾಗಿದೆ. ಹತ್ತು ಬಗೆಬಗೆಯ ಲೆಕ್ಕ ಒಟ್ಟಿಗೆ ಕೊಟ್ಟು ಅಂಕ ಎಣಿಸುವುದು ಎಲ್ಲ ಫ್ಯೂಸನ್ನೂ ಒಮ್ಮೆಗೇ ಕಿತ್ತ ಹಾಗೆ. ಮೀಟರ್ ಸೊನ್ನೆಗೆ ಇಳಿಯುತ್ತದೆ, ಯಾವುದರಿಂದ ಇಳಿಯಿತು ಎಂಬುದು ತಿಳಿಯುವುದಿಲ್ಲ.

ಎಚ್ಚರಾದ ಗಾಡಿಯ ಮಾತೂ ಇಲ್ಲಿ ಸಲ್ಲುತ್ತದೆ. ಮೇಲ್ವಿಚಾರಕರು ಹಿಂದೆ ಕುಳಿತಿದ್ದಾರೆ, ಹೊಸ ಶಿಕ್ಷಕಿ ಮುಂದೆ ನಿಂತಿದ್ದಾರೆ, ಎಲ್ಲರೆದುರು ಎದ್ದು ಉತ್ತರಿಸಬೇಕು ಎಂದಾಗ ಮಗು ಕೊಡುವ ಉತ್ತರ ಅದರ ನಿಜವಾದ ಸ್ಥಿತಿಯ ಅಳತೆಯಲ್ಲ. ನಿದಾನ ಮಾಡುವವರಿಗೆ ಪಕ್ಕದಲ್ಲಿ ಕುಳಿತು ಕಾಯುವ ತಾಳ್ಮೆ ಬೇಕು. ‘ಹೆಂಗ ಮಾಡಿದಿ, ನನಗ ಹೇಳು’ ಎಂದು ಕೇಳಿ, ಮಗು ಹೇಳುವಾಗ ತಿದ್ದದೆ ಕೇಳಿಸಿಕೊಳ್ಳಬೇಕು.

ಇನ್ನೊಂದು ಸಂಗತಿ ಹೇಳಲು ಸ್ವಲ್ಪ ಮುಜುಗರ. ಎಲ್ಲ ಫ್ಯೂಸು ಕಿತ್ತರೂ ಮೀಟರ್ ಇಳಿಯದ ಗಾಡಿಗಳುಂಟು. ಆಗ ಎಲೆಕ್ಟ್ರಿಷಿಯನ್ನರು ಆಲ್ಟರ್ನೇಟರನ್ನು ಸಂಶಯಿಸುತ್ತಾರೆ. ಅದರೊಳಗಿನ ಡಯೋಡು ಕೆಟ್ಟರೆ, ಬ್ಯಾಟರಿಯನ್ನು ತುಂಬಬೇಕಾದ ಭಾಗವೇ ನಿಂತಾಗ ಅದನ್ನು ಖಾಲಿ ಮಾಡುತ್ತದೆ. ಅದರ ದಪ್ಪ ವೈರು ಒಳಗಿನ ಫ್ಯೂಸ್ ಪೆಟ್ಟಿಗೆಯ ಮೂಲಕ ಹೋಗುವುದಿಲ್ಲವಾದ್ದರಿಂದ ಅಲ್ಲಿ ಹುಡುಕಿದರೆ ಸಿಗದು. ಇಡೀ ತರಗತಿ ಒಂದೇ ತಪ್ಪು ಮಾಡುತ್ತಿದ್ದರೆ ಮಕ್ಕಳಲ್ಲಿ ಹುಡುಕುವ ಮೊದಲು ನಾವು ಹೇಳಿಕೊಟ್ಟ ರೀತಿಯನ್ನೇ ಪರೀಕ್ಷಿಸಬೇಕು. ನನ್ನ ಪಾಠಗಳಲ್ಲೂ ಅಂಥ ಡಯೋಡುಗಳು ಇದ್ದವು.

ತರಗತಿಯಲ್ಲಿ ಹೇಗೆ?

ವಿಜ್ಞಾನ ವಿಧಾನದವರು ಮುಂದಿನ ಹಂತದಲ್ಲಿ ಮಾಡಿನೋಡಬಹುದಾದ ಒಂದು ಚಟುವಟಿಕೆ ಇದು. ಮಕ್ಕಳ ಕೈಗೆ ಕಾರು ಕೊಡುವ ಅಗತ್ಯವಿಲ್ಲ, ಕೊಡಲೂ ಬಾರದು. ವಾಹನದ ಬ್ಯಾಟರಿಯಲ್ಲಿ ಆಮ್ಲವಿದೆ, ಚಾರ್ಜಾಗುವಾಗ ಹೈಡ್ರೋಜನ್ ಹೊರಬರುತ್ತದೆ, ಒಂದು ಕಿಡಿ ಸಾಕು. ಉಂಗುರವೋ ಬಳೆಯೋ ಎರಡು ತುದಿಗೆ ತಾಗಿದರೆ ಕೈ ಸುಡುತ್ತದೆ. ಮೀಟರ್ ಸರಣಿಯಲ್ಲಿದ್ದಾಗ ಯಾರಾದರೂ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ, 10 ಆಂಪಿಯರಿನ ಮೀಟರ್ ಉಳಿಯದು.

ಬದಲಿಗೆ ಒಂದು ರಟ್ಟಿನ ಹಲಗೆ, 1.5 ವೋಲ್ಟಿನ ನಾಲ್ಕು ಪೆನ್‌ಟಾರ್ಚ್ ಸೆಲ್ಲು, ಕೆಲವು ರೋಧಕ, ಕಾಗದದ ಕ್ಲಿಪ್ಪು ಮತ್ತು ಕೆಲವು ನೂರು ರೂಪಾಯಿಯ ಒಂದು ಮಲ್ಟಿಮೀಟರ್ ಸಾಕು. ನಾಲ್ಕು ಸೆಲ್ ಸರಣಿಯಲ್ಲಿ ಸೇರಿ 6 ವೋಲ್ಟ್. ಅದಕ್ಕೆ ನಾಲ್ಕು ಸಮಾಂತರ ಕವಲು: ‘ಗಡಿಯಾರ’ಕ್ಕೆ 10,000 ಓಮ್, ‘ರೇಡಿಯೊ’ಗೆ 1,000 ಓಮ್, ‘ದೀಪ’ಕ್ಕೆ 220 ಓಮ್, ‘ಹಾರ್ನ್’ ಕವಲನ್ನು ಒಳಗೇ ತುಂಡರಿಸಿಡಿ. ರೋಧಕಗಳನ್ನು ರಟ್ಟಿನ ಹಿಂದೆ ಅಡಗಿಸಿ, ಪ್ರತಿ ಕವಲಿಗೂ ಫ್ಯೂಸಿನಂತೆ ಒಂದು ಕ್ಲಿಪ್ಪನ್ನು ಮುಂದೆ ಬಿಡಿ. ಮುಖ್ಯ ತಂತಿಯಲ್ಲಿ ಮೀಟರನ್ನು ಮಿಲಿಆಂಪಿಯರಿನಲ್ಲಿಟ್ಟರೆ ಸುಮಾರು 34 ತೋರಿಸುತ್ತದೆ. ಈ ಗಾಡಿ ನಿಂತಾಗ 7ಕ್ಕಿಂತ ಹೆಚ್ಚು ಬಳಸಬಾರದು, ಹಾಗಾದರೆ ಯಾರು ತಿನ್ನುತ್ತಿದ್ದಾರೆ ಎಂದು ಕೇಳಿ. ಗಡಿಯಾರದ ಕ್ಲಿಪ್ ತೆಗೆದರೆ ಅಂಕಿ ಅರ್ಧ ಮಿಲಿಆಂಪಿಯರಿನಷ್ಟು ಇಳಿದೀತು, ರೇಡಿಯೊದ್ದು ತೆಗೆದರೆ 28, ಹಾರ್ನಿನದು ತೆಗೆದರೆ ಅಲುಗದು, ದೀಪದ್ದು ತೆಗೆದರೆ 7ರ ಒಳಗೆ ಬೀಳುತ್ತದೆ. ಓಮನ ನಿಯಮದಿಂದ ಪ್ರತಿ ಕವಲಿನ ರೋಧವನ್ನು ಮಕ್ಕಳೇ ಕಂಡುಹಿಡಿಯಬಹುದು, ಆಮೇಲೆ ರಟ್ಟು ತಿರುಗಿಸಿ ತಾಳೆ ನೋಡಬಹುದು. ಎರಡನೆಯ ಸುತ್ತಿಗೆ 330 ಓಮಿನ ಇನ್ನೊಂದು ರೋಧಕವನ್ನು ಯಾವ ಕ್ಲಿಪ್ಪಿಗೂ ಸೇರದಂತೆ ಹಿಂದೆ ಜೋಡಿಸಿ. ನಾಲ್ಕೂ ಕ್ಲಿಪ್ ತೆಗೆದರೂ 18 ಉಳಿಯುತ್ತದೆ. ಆಗ ತರಗತಿಯಲ್ಲಿ ಏಳುವ ಗುಜುಗುಜು ನಿಜವಾದ ಪ್ರಶ್ನೆಯ ಸದ್ದು.

ಈ ಚಟುವಟಿಕೆಯಿಂದ ಇನ್ನೊಂದು ಲಾಭವಿದೆ. ‘ಕರೆಂಟ್ ತಿನ್ನುತ್ತದೆ’ ಎಂಬುದು ನಮ್ಮ ಜನರ ಮಾತು. ನಾನೂ ಮೇಲೆ ಹಾಗೆಯೇ ಬರೆದೆ. ಮಕ್ಕಳ ಮನಸ್ಸಿನಲ್ಲಿ ಅದು ಬೇರೆ ಅರ್ಥ ಪಡೆದಿರುತ್ತದೆ: ಬ್ಯಾಟರಿಯಿಂದ ಹೊರಟ ಪ್ರವಾಹ ಬಲ್ಬಿನಲ್ಲಿ ಒಂದಿಷ್ಟು ಖರ್ಚಾಗಿ, ಉಳಿದದ್ದು ಮರಳುತ್ತದೆ ಎಂದು. ನ್ಯೂಜಿಲೆಂಡಿನ ರೋಜರ್ ಓಸ್ಬರ್ನ್ 1980ರ ದಶಕದಲ್ಲಿ ಮಕ್ಕಳೊಡನೆ ಮಾತನಾಡಿ ಗುರುತಿಸಿದ ತಪ್ಪು ಕಲ್ಪನೆಗಳಲ್ಲಿ ಇದೂ ಒಂದು. ಹಲಗೆಯಲ್ಲಿ ಮೀಟರನ್ನು ಮೊದಲು ಧನ ತುದಿಯ ಕಡೆ, ಆಮೇಲೆ ಋಣ ತುದಿಯ ಕಡೆ ಸೇರಿಸಿ ತೋರಿಸಿ. ಎರಡೂ ಕಡೆ ಅದೇ 34. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ. ಎಲೆಕ್ಟ್ರಿಷಿಯನ್ನರು ಋಣ ತುದಿಯಲ್ಲಿ ಅಳೆದರೂ ಸೋರಿಕೆ ಪೂರ್ತಿ ಕಾಣುವುದು ಇದೇ ಕಾರಣಕ್ಕೆ. ಜನರ ಮಾತನ್ನು ಹಳಿಯದೆ, ಅದನ್ನೇ ಹಿಡಿದು ಪರಿಕಲ್ಪನೆಗೆ ಏರಿಸಬಹುದು.

ಊರಿನ ನೆಲದಲ್ಲಿ ಈ ಪಾಠವನ್ನು ಮುಂದುವರಿಸಲೂ ಅವಕಾಶವಿದೆ. ಗೋಕಾಕವು 1887ರಷ್ಟು ಹಿಂದೆಯೇ ಜಲಪಾತದ ನೀರಿನ ಬಲವನ್ನು ಗಿರಣಿಯ ಕೆಲಸಕ್ಕೆ ಹಚ್ಚಿದ ಊರು. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಆ ಭಾಗದ ಮಕ್ಕಳ ಮನೆಗೆ ವಿದ್ಯುತ್ ಬಿಲ್ಲು ಬರುವುದು ಅದರಿಂದ. ಯಾವುದೇ ವಿತರಣಾ ಜಾಲದಲ್ಲಿ ಕಳುಹಿಸಿದ ಯೂನಿಟ್ಟಿಗೂ ಮನೆಗಳ ಮೀಟರಿನಲ್ಲಿ ದಾಖಲಾದ ಯೂನಿಟ್ಟಿಗೂ ವ್ಯತ್ಯಾಸವಿರುತ್ತದೆ. ಆ ನಷ್ಟ ಎಲ್ಲಿ ಎಂದು ಹುಡುಕುವುದೂ ಫೀಡರ್ ಫೀಡರಾಗಿ ಅಳೆದೇ. ಕಾರಿನ ಫ್ಯೂಸ್ ಪೆಟ್ಟಿಗೆಯಲ್ಲಿ ಕಲಿತದ್ದು ತಾಲ್ಲೂಕಿನ ವಿದ್ಯುತ್ ಜಾಲಕ್ಕೂ ಅನ್ವಯಿಸುತ್ತದೆ ಎಂದು ಮಗುವಿಗೆ ತಿಳಿದರೆ ಅದಕ್ಕಿಂತ ಒಳ್ಳೆಯ ‘ಅನ್ವಯ’ದ ಉದ್ದೇಶ ಪಾಠ ಯೋಜನೆಯಲ್ಲಿ ಯಾವುದಿದೆ?

ಆಕ್ಷೇಪಗಳು

ಸಹೋದ್ಯೋಗಿಗಳು ಕೇಳುವ ಮೊದಲ ಪ್ರಶ್ನೆ ಸಮಯದ್ದು. ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ಹೇಗೆ? ಒಪ್ಪುತ್ತೇನೆ, ಒಂದು ತಾಸಿಗೆ ಮೂರು ಕಲಿಕಾಂಶ ತುರುಕಿದರೆ ಆಗದು. ಒಂದನ್ನು ಇಟ್ಟುಕೊಂಡರೆ ಆಗುತ್ತದೆ. ತರಗತಿಯ ಐವತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ನಿದಾನ ಮಾಡಲೂ ಆಗದು. ಹಾಗೆಂದು ನಾನು ಕೇಳುತ್ತಿಲ್ಲ. ಇಡೀ ಹಂತದಲ್ಲಿ ಮೂರು ಮಕ್ಕಳು ಸಾಕು.

ಎರಡನೆಯದು, ಇದು ಮೆಕ್ಯಾನಿಕ್ ಕೆಲಸ, ವಿಜ್ಞಾನವಲ್ಲ ಎಂಬ ಮಾತು. ಬಾಯಿಬಿಟ್ಟು ಹೇಳುವವರು ಕಡಿಮೆ, ಒಳಗೆ ಹಾಗೆ ಅಂದುಕೊಳ್ಳುವವರು ಬಹಳ. ಆ ಹುಡುಗನನ್ನು ‘ಕುಂದರು’ ಎನ್ನಿಸಿದ್ದು ಇದೇ ಭಾವನೆ. ಕೈಗೆ ಎಣ್ಣೆ ಹತ್ತಿದ ತಿಳಿವಳಿಕೆಯನ್ನು ನಾವು ತಿಳಿವಳಿಕೆ ಎಂದು ಎಣಿಸುವುದಿಲ್ಲ. ಗ್ಯಾರೇಜಿನ ಆ ಕೆಲಸದಲ್ಲಿ ಊಹೆ, ಅಳತೆ, ಒಂದೇ ಅಂಶದ ಬದಲಾವಣೆ, ಪುನಃಪರೀಕ್ಷೆ ಎಲ್ಲವೂ ಇದ್ದವು. ನಮ್ಮ ಪ್ರಯೋಗಾಲಯದ ಎಷ್ಟು ತಾಸುಗಳಲ್ಲಿ ಇಷ್ಟು ಇರುತ್ತದೆ?

ಮೂರನೆಯದು ಸರಿಯಾದ ಆಕ್ಷೇಪ. ಮಗು ಕಾರಲ್ಲ. ಫ್ಯೂಸನ್ನು ಕಿತ್ತು ಮರಳಿ ಹಾಕಿದರೆ ಗಾಡಿ ಮೊದಲಿನಂತೆಯೇ ಇರುತ್ತದೆ. ಒಂದು ಪ್ರಶ್ನೆ ಕೇಳಿದ ಮೇಲೆ ಮಗು ಮೊದಲಿನ ಮಗುವಲ್ಲ, ಪ್ರಶ್ನೆಯೇ ಏನನ್ನೋ ಕಲಿಸಿರುತ್ತದೆ. ಸೋರಿಕೆಗಳು ಒಂದಕ್ಕಿಂತ ಹೆಚ್ಚಿರಬಹುದು. ಎಷ್ಟೋ ಸಲ ಅವು ಶಾಲೆಯ ಹೊರಗಿರುತ್ತವೆ. ಹಂಗಾಮಿನಲ್ಲಿ ಹೊಲಕ್ಕೆ ಹೋಗಿ ಮೂರು ವಾರ ಬರದ ಹುಡುಗಿ, ಮನೆಯಲ್ಲಿ ಮರಾಠಿಯಾಡಿ ಶಾಲೆಯಲ್ಲಿ ಕನ್ನಡದ ‘ವಿಭವಾಂತರ’ಕ್ಕೆ ತಡವರಿಸುವ ಹುಡುಗ, ಇವರ ತೊಂದರೆ ನಮ್ಮ ಹತ್ತು ಪ್ರಶ್ನೆಗಳಲ್ಲಿ ಕಾಣುವುದಿಲ್ಲ. ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯಬಾರದು. ಆದರೆ ಕಾಣದ್ದನ್ನು ‘ಪರಿಕಲ್ಪನೆ ಸ್ಪಷ್ಟವಾಗಿಲ್ಲ’ ಎಂಬ ಒಂದೇ ಸಾಲಿನಲ್ಲಿ ಮುಚ್ಚುವುದಕ್ಕಿಂತ, ಹುಡುಕಿದೆ, ಇಲ್ಲಿಯವರೆಗೆ ಬಂದೆ, ಮುಂದೆ ತಿಳಿಯಲಿಲ್ಲ ಎಂದು ಬರೆಯುವುದು ಪ್ರಾಮಾಣಿಕ. ಅಂಥ ದಾಖಲೆಗೆ ನಾವು ಪೂರ್ತಿ ಅಂಕ ಕೊಡಬೇಕು.

ನನ್ನ ಸಲಹೆ ಮೂರೇ. ಒಂದು: ನೈದಾನಿಕ ಪರೀಕ್ಷೆಯ ದಾಖಲೆಯಲ್ಲಿ ಶೇಕಡಾವಾರು ಕೋಷ್ಟಕದ ಬದಲು ಮೂರು ಮಕ್ಕಳ ಮೂರು ತಪ್ಪುಗಳನ್ನು ಮಗುವಿನ ಮಾತಿನಲ್ಲೇ ಬರೆಯಲಿ. ಯಾವ ಪ್ರಶ್ನೆಯಿಂದ ಯಾವ ಸಾಧ್ಯತೆಯನ್ನು ಹೊರಗಿಟ್ಟೆವು ಎಂಬುದೂ ಇರಲಿ. ಎರಡು: ಮರುಪರೀಕ್ಷೆ ಮರುದಿನ ಬೇಡ, ಕನಿಷ್ಠ ಎರಡು ವಾರ ಬಿಟ್ಟು ನಡೆಯಲಿ. 16 ವಾರದ ಹಂತದಲ್ಲಿ ಇದು ಕಷ್ಟವಲ್ಲ. ಮೂರು: ನಾವು ಮೇಲ್ವಿಚಾರಕರು ತುಂಬುವ ಅವಲೋಕನ ಹಾಳೆಗೆ ಒಂದು ಸಾಲು ಸೇರಲಿ: ‘ಯೋಜನೆಯಲ್ಲಿ ಇಲ್ಲದ ಮಗುವಿನ ಮಾತನ್ನು ಶಿಕ್ಷಕರು ಹೇಗೆ ಬಳಸಿಕೊಂಡರು?’ ಪ್ರಶಿಕ್ಷಣಾರ್ಥಿಗಳು ನಾವು ಅಂಕ ಕೊಡುವುದನ್ನೇ ಕಲಿಯುತ್ತಾರೆ. ಆ ಸಾಲು ಇದ್ದಿದ್ದರೆ ಅಂದು ಅವರು ನನ್ನತ್ತ ನೋಡುತ್ತಿರಲಿಲ್ಲ, ಹುಡುಗನತ್ತ ನೋಡುತ್ತಿದ್ದರು.

ಆ ಶಾಲೆಗೆ ಮುಂದಿನ ಹಂತದಲ್ಲೂ ನಮ್ಮವರು ಹೋಗುತ್ತಾರೆ. ಆ ಹೊತ್ತಿಗೆ ಹುಡುಗ ಹತ್ತನೇ ತರಗತಿ ಮುಗಿಸಿ ಹೋಗಿರುತ್ತಾನೆ, ಅವನಿಗೆ ಕೊಡಬೇಕಿದ್ದ ಅಮ್ಮೀಟರನ್ನು ನಾನು ಇನ್ನು ಕೊಡಲಾರೆ. ಅವನ ಬೆಂಚಿನಲ್ಲಿ ಕೂಡುವ ಇನ್ನೊಬ್ಬರ ಮನೆಯಲ್ಲೂ ಒಂದು ಟ್ರ್ಯಾಕ್ಟರ್, ಒಂದು ಪಂಪ್‌ಸೆಟ್ಟು, ಒಂದು ಕೆಟ್ಟ ಇನ್ವರ್ಟರ್ ಇದ್ದೇ ಇರುತ್ತದೆ. ಅವರು ಎದ್ದು ನಿಂತಾಗ ‘ಹೆಂಗ ಹುಡುಕಿದಿ, ಎಲ್ಲಾರಿಗೂ ಹೇಳು’ ಎನ್ನುವ ಶಿಕ್ಷಕರನ್ನು ಅಲ್ಲಿಗೆ ಕಳಿಸೋಣ.